ಅಪ್ಪನ ವೇಷದ ಫೋಟೋ ಯಾಕೆ ಕೆಡುತ್ತಿದೆ?

ಪ್ರಶ್ನೆ: ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕ್ಯಾನನ್ 1500ಡಿ ತಗೊಂಡೆ. ಜೊತೆಗೆ ಬಂದ 18-55 ಲೆನ್ಸ್ ಒಂದೇ ಇರೋದು. ಅಪ್ಪ ಹವ್ಯಾಸಿ ಯಕ್ಷಗಾನ ಕಲಾವಿದರು, 64 ವರ್ಷ, ಮಂಡಿನೋವು ಶುರುವಾಗಿದೆ. ಮುಂದಿನ ವರ್ಷ ಗೆಜ್ಜೆ ಕಟ್ಟುತ್ತೇನೋ ಇಲ್ಲವೋ ಅನ್ನುತ್ತಾರೆ. ಅವರ ವೇಷದ ನಾಲ್ಕು ಒಳ್ಳೆಯ ಫೋಟೋ ಬೇಕು ಅಂತಲೇ ಕ್ಯಾಮೆರಾ ತಗೊಂಡದ್ದು. ಆದರೆ ಎರಡು ಆಟಕ್ಕೆ ಹೋಗಿ ಬಂದೆ, ಒಂದೂ ಸರಿ ಬರಲಿಲ್ಲ. ಮೊದಲ ಸಲ ಮುಖ ಬೆಳ್ಳಗೆ ಸುಟ್ಟ ಹಾಗೆ ಬಂತು, ಕೈಕಾಲು ಅಲುಗಾಡಿತ್ತು. ಎರಡನೇ ಸಲ ಗೆಳೆಯರೊಬ್ಬರು ಹೇಳಿದ ಸೆಟ್ಟಿಂಗ್ ಹಾಕಿದೆ, ಪೂರ್ತಿ ಕತ್ತಲು. ಅವರು ‘ಮ್ಯಾನುವಲ್‌ನಲ್ಲೇ ತೆಗಿ, ಐಎಸ್‌ಒ 400 ದಾಟಬೇಡ’ ಅಂತಾರೆ. ಅಂಗಡಿಯವರು ‘ಈ ಲೆನ್ಸ್‌ನಲ್ಲಿ ಆಗಲ್ಲ, ದೊಡ್ಡದು ತಗೊಳ್ಳಿ’ ಅಂತಾರೆ. ನಾನು ತಪ್ಪು ಕ್ಯಾಮೆರಾ ತಗೊಂಡೆನಾ? ಎರಡು ಫೋಟೋ ಕಳಿಸಿದ್ದೇನೆ. — ಸಿದ್ದಾಪುರದ ಓದುಗರು

ಉತ್ತರ:

ಇಲ್ಲ, ತಪ್ಪು ಕ್ಯಾಮೆರಾ ಅಲ್ಲ. ಮೊದಲು ಆ ಚಿಂತೆ ಬಿಡಿ. ಮಾರುವ ಯೋಚನೆ ಇದ್ದರೆ ಅದನ್ನೂ ಬಿಡಿ. ನಿಮ್ಮ ಎರಡು ಫೋಟೋಗಳ ಒಳಗೆ ಕ್ಯಾಮೆರಾ ಬರೆದಿಟ್ಟ ವಿವರ ತೆಗೆದು ನೋಡಿದೆ. ಏನಾಗಿದೆ ಅನ್ನುವುದು ಅದರಲ್ಲೇ ಇದೆ.

ಮೊದಲ ಫೋಟೋ ಎವಿ ಮೋಡಿನಲ್ಲಿ ತೆಗೆದದ್ದು, ಅಂದರೆ ಎಫ್ ನಂಬರ್ ನಾವು ಇಟ್ಟರೆ ಶಟರ್ ಎಷ್ಟು ಅಂತ ಕ್ಯಾಮೆರಾವೇ ಆರಿಸುವ ಮೋಡ್. ಎಫ್ 5.6 (ಲೆನ್ಸಿನ ಕಿಂಡಿಯ ಅಳತೆ), ಐಎಸ್‌ಒ 400 (ಬಿದ್ದ ಬೆಳಕನ್ನು ಎಷ್ಟು ದೊಡ್ಡದು ಮಾಡಿ ತೋರಿಸಬೇಕು ಅನ್ನುವುದು), ಶಟರ್ ಒಂದು ಸೆಕೆಂಡಿನ ಎಂಟನೇ ಒಂದು ಭಾಗ. ಅದರಲ್ಲಿ ಭಾಗವತರ ಮುಂದಿರುವ ಮೈಕ್ ಸ್ಟ್ಯಾಂಡ್ ನೋಡಿ. ಅದರ ತಿರುಪು ಕೂಡ ಚೂಪಾಗಿ ಕಾಣುತ್ತಿದೆ. ಅಂದರೆ ನಿಮ್ಮ ಕೈ ಅಲುಗಾಡಿಲ್ಲ, ಕುರ್ಚಿಗೋ ಎಲ್ಲಿಗೋ ಊರಿ ಚೆನ್ನಾಗಿಯೇ ಹಿಡಿದಿದ್ದೀರಿ. ಅಲುಗಾಡಿದ್ದು ಅಪ್ಪ. ಅವರು ಕುಣಿಯುತ್ತಿದ್ದರು, ಶಟರ್ ಅಷ್ಟು ಹೊತ್ತು ತೆರೆದೇ ಇತ್ತು, ಹಾಗಾಗಿ ಕೈ ಹೋದ ದಾರಿಯೆಲ್ಲ ಒಂದೇ ಫೋಟೋದಲ್ಲಿ ಬಳಿದ ಹಾಗಾಯಿತು. ಟ್ರೈಪಾಡ್ ಇಟ್ಟಿದ್ದರೂ ಇದೇ ಆಗುತ್ತಿತ್ತು. ಲೆನ್ಸಿನ ಒಳಗಿರುವ ಸ್ಟೆಬಿಲೈಸರ್ ಕೂಡ ನಿಮ್ಮ ಕೈಯ ನಡುಕವನ್ನಷ್ಟೇ ತಡೆಯುತ್ತದೆ, ಕುಣಿಯುವವರನ್ನು ನಿಲ್ಲಿಸುವುದಿಲ್ಲ.

ಎರಡನೆಯದು ಎಂ ಮೋಡ್, ಅಂದರೆ ಎಲ್ಲವನ್ನೂ ನಾವೇ ಇಡುವ ಮ್ಯಾನುವಲ್. ಎಫ್ 5.6, ಐಎಸ್‌ಒ 400, ಶಟರ್ 1/250. ಮುಂಡಾಸಿನ ಜರಿ, ಭುಜಕೀರ್ತಿಯ ಹೊಳಪು ಬಿಟ್ಟರೆ ಏನೂ ಕಾಣುವುದಿಲ್ಲ. ಆದರೆ ದೊಡ್ಡದು ಮಾಡಿ ನೋಡಿದೆ. ಆ ಹೊಳಪು ಇರುವ ಕಡೆ ಅಂಚು ಕತ್ತರಿಸಿಟ್ಟ ಹಾಗಿದೆ, ಒಂದು ಚೂರೂ ಅಲುಗಾಡಿಲ್ಲ. ಅಂದರೆ ಶಟರ್ ಸರಿ ಇತ್ತು. ಲೆನ್ಸ್ ಆಗಲೇ ಪೂರ್ತಿ ತೆರೆದಿತ್ತು, ಅಲ್ಲಿ ಇನ್ನೇನೂ ಮಾಡುವ ಹಾಗಿರಲಿಲ್ಲ. ತಪ್ಪಿದ್ದು ಒಂದೇ ಕಡೆ, ಐಎಸ್‌ಒ. ಅದನ್ನು 400ರಿಂದ 800, 800ರಿಂದ 1600, 1600ರಿಂದ 3200 ಅಂತ ಮೂರು ಸಲ ದುಪ್ಪಟ್ಟು ಮಾಡಿದ್ದರೆ ಫೋಟೋ ಎಂಟು ಪಟ್ಟು ಬೆಳಗುತ್ತಿತ್ತು. ನನ್ನ ಲೆಕ್ಕದಲ್ಲಿ ನಿಮಗೆ ಬೇಕಿದ್ದ ಫೋಟೋ ಅದೇ.

ಹಾಗಾದರೆ ‘400 ದಾಟಬೇಡ’ ಅನ್ನುವ ಮಾತು ಎಲ್ಲಿಂದ ಬಂತು? ಅದು ಫಿಲಂ ಕಾಲದ ಮಾತು. ನಾನು 1996ರಲ್ಲಿ ಸ್ಟುಡಿಯೋ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು 100ರ ರೋಲು, ರಾತ್ರಿ ಕಾರ್ಯಕ್ರಮಕ್ಕೆ 400ರದ್ದು. ರೋಲು ಒಮ್ಮೆ ಹಾಕಿದ ಮೇಲೆ 36 ಫೋಟೋಗೂ ಅದೇ ಗತಿ. 400 ದಾಟಿದರೆ ಪ್ರಿಂಟಿನಲ್ಲಿ ರವೆ ಚೆಲ್ಲಿದ ಹಾಗೆ ಕಾಳು ಬರುತ್ತಿತ್ತು. ಆಮೇಲೆ ಬಂದ ಶುರುವಿನ ಡಿಜಿಟಲ್ ಕ್ಯಾಮೆರಾಗಳೂ ಅಷ್ಟೇ, 800 ಅಂದರೆ ಸುಸ್ತು. ಆಗ ಕಲಿತವರ ಕೈಗೆ ಆ ಎಚ್ಚರ ಅಂಟಿಕೊಂಡಿದೆ. ನಿಮ್ಮ ಗೆಳೆಯರ ತಪ್ಪಲ್ಲ. ಆದರೆ ನಿಮ್ಮ 1500ಡಿ 2018ರಲ್ಲಿ ಬಂದ ಕ್ಯಾಮೆರಾ, ಅದರ ಐಎಸ್‌ಒ 100ರಿಂದ 6400ರ ತನಕ ಹೋಗುತ್ತದೆ. 3200ರಲ್ಲಿ ಕಾಳು ಕಾಣುತ್ತದೆ, ನಿಜ. ಸ್ಕ್ರೀನಿನಲ್ಲಿ ಜೂಮ್ ಮಾಡಿ ಹುಡುಕಿದರೆ ಜಾಸ್ತಿಯೇ ಕಾಣುತ್ತದೆ. ಗೋಡೆಗೆ ಹಾಕುವ ಎಂಟು ಹತ್ತು ಇಂಚಿನ ಪ್ರಿಂಟ್ ಮಾಡಿಸಿ, ಕೈಯಳತೆ ದೂರದಿಂದ ನೋಡಿ, ಆಮೇಲೆ ಹೇಳಿ.

ಕಾಳಿನ ಬಗ್ಗೆ ಇನ್ನೊಂದು ವಿಷಯ. ಇದನ್ನು ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ನನಗೇ ಅರ್ಥ ಆಗಲು ವರ್ಷಗಳು ಬೇಕಾದವು. ಕಾಳು ಬರುವುದು ಐಎಸ್‌ಒ ಏರಿಸಿದ್ದಕ್ಕಲ್ಲ, ಬೆಳಕು ಸಾಲದೆ ಇದ್ದದ್ದಕ್ಕೆ. ಸೆನ್ಸರ್ ಮೇಲೆ ಬೆಳಕು ಬೀಳುವುದು ಮಳೆ ಹನಿ ಬಿದ್ದ ಹಾಗೆ. ಜೋರು ಮಳೆಯಲ್ಲಿ ಅಂಗಳದಲ್ಲಿಟ್ಟ ಪಾತ್ರೆಗಳೆಲ್ಲ ಒಂದೇ ಸಮ ತುಂಬುತ್ತವೆ. ನಾಲ್ಕೇ ಹನಿ ಬಿದ್ದರೆ ಒಂದರಲ್ಲಿ ಎರಡು, ಪಕ್ಕದ್ದರಲ್ಲಿ ಒಂದೂ ಇಲ್ಲ. ಆ ಏರುಪೇರೇ ಕಾಳು. ಐಎಸ್‌ಒ ಅಂದರೆ ಬಿದ್ದಷ್ಟು ಬೆಳಕನ್ನು ದೊಡ್ಡದು ಮಾಡಿ ತೋರಿಸುವುದು, ಮೈಕಿನ ವಾಲ್ಯೂಮ್ ಇದ್ದ ಹಾಗೆ. ಭಾಗವತರು ಮೆಲ್ಲಗೆ ಹಾಡಿದರೆ ವಾಲ್ಯೂಮ್ ಏರಿಸಲೇಬೇಕು, ಏರಿಸಿದಾಗ ಸರ್ ಅನ್ನುವ ಸದ್ದೂ ಕೇಳುತ್ತದೆ. ಸದ್ದು ಬೇಡ ಅಂತ ವಾಲ್ಯೂಮ್ ಇಳಿಸಿದರೆ ಪದವೇ ಕೇಳುವುದಿಲ್ಲ ಅಲ್ವಾ? ಇನ್ನು ಐಎಸ್‌ಒ 400ರಲ್ಲಿ ಕತ್ತಲೆ ಫೋಟೋ ತೆಗೆದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ಬೆಳಗಿಸಿದರೆ, ಅಲ್ಲೇ 3200ಕ್ಕೆ ಏರಿಸಿ ತೆಗೆದದ್ದಕ್ಕಿಂತ ಜಾಸ್ತಿ ಕಾಳು ಬರುತ್ತದೆ, ಕಮ್ಮಿ ಅಲ್ಲ.

ಈಗ ಮೊದಲ ಫೋಟೋಗೆ ಮತ್ತೆ ಬರೋಣ, ಮುಖ ಯಾಕೆ ಸುಟ್ಟಿತು ಅಂತ. ನನ್ನ ಪ್ರಕಾರ ಹೊಸಬರು ಕಲಿಯಬೇಕಾದ ಎಲ್ಲದಕ್ಕಿಂತ ದೊಡ್ಡ ಪಾಠ ಇಲ್ಲಿದೆ. ಎಫ್ ನಂಬರ್, ಶಟರ್ ಎಲ್ಲ ಎರಡು ದಿನದಲ್ಲಿ ಬರುತ್ತದೆ.

ಕ್ಯಾಮೆರಾದ ಒಳಗೆ ಬೆಳಕು ಅಳೆಯುವ ಮೀಟರ್ ಇದೆ. ನಿಮ್ಮದು ಕಾಣುವ ಜಾಗವನ್ನು 63 ಭಾಗ ಮಾಡಿ ಅಳೆಯುತ್ತದೆ. ಆದರೆ ಎಷ್ಟು ಭಾಗ ಮಾಡಿದರೂ, ತಾನು ನೋಡುತ್ತಿರುವುದು ಅಪ್ಪನ ಮುಖವೋ ಹಿಂದಿನ ಕಪ್ಪು ಪರದೆಯೋ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಲೆಕ್ಕ: ಲೋಕ ಸರಾಸರಿಯಲ್ಲಿ ಬೂದಿ ಬಣ್ಣ. ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 18 ಭಾಗ ವಾಪಸ್ ಕಳಿಸುವ ಬೂದಿ. ಕಪ್ಪು ಕಂಡರೆ ‘ಅಯ್ಯೋ ಕತ್ತಲು’ ಅಂತ ಜಾಸ್ತಿ ಬೆಳಕು ಬಿಟ್ಟು ಬೂದಿ ಮಾಡುತ್ತದೆ, ಬಿಳಿ ಕಂಡರೆ ಬೆಳಕು ಕಮ್ಮಿ ಮಾಡಿ ಅದನ್ನೂ ಬೂದಿ ಮಾಡುತ್ತದೆ. ನಿಮ್ಮ ಫೋಟೋದಲ್ಲಿ ಮುಕ್ಕಾಲು ಪಾಲು ಕಪ್ಪು ಪರದೆ ಮತ್ತು ರಾತ್ರಿ. ಮೀಟರ್ ಆ ರಾತ್ರಿಯನ್ನು ಬೆಳಗಿಸಲು ಹೊರಟಿತು. ಅದಕ್ಕೇ ಶಟರ್ ಅಷ್ಟು ನಿಧಾನ ಆಯಿತು, ಅದಕ್ಕೇ ಬೆಳಕಿನಡಿ ನಿಂತ ಅಪ್ಪನ ಮುಖದ ಮೇಲೆ ಬೇಕಾದ್ದಕ್ಕಿಂತ ಮೂರು ಪಟ್ಟು ಬೆಳಕು ಬಿತ್ತು. ಮುಖ ಸುಟ್ಟದ್ದೂ ಕೈ ಅಲುಗಾಡಿದ್ದೂ ಬೇರೆ ಬೇರೆ ತಪ್ಪಲ್ಲ, ಎರಡಕ್ಕೂ ಕಾರಣ ಒಂದೇ. ಕಂಬಳಕ್ಕೆ ಹೋಗುವ ಹೊಸಬರಿಗೂ ಇದೇ ಆಗುತ್ತದೆ: ಕಪ್ಪು ಕೋಣ ಬೂದಿ ಕೋಣ ಆಗಿ, ಚಿಮ್ಮುವ ನೀರು ಸುಣ್ಣ ಎರಚಿದ ಹಾಗೆ ಕಾಣುತ್ತದೆ.

ನಂಬಿಕೆ ಬರಲಿ ಅಂತ ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಹಗಲು ಜಗಲಿಯ ನೆರಳಲ್ಲಿ ಒಂದು ಕಪ್ಪು ಕೊಡೆ ಬಿಡಿಸಿಡಿ, ಪಕ್ಕದಲ್ಲಿ ಅಪ್ಪನ ಬಿಳಿ ಪಂಚೆ ಹರಡಿ. ಎವಿ ಮೋಡಿನಲ್ಲಿ ಕೊಡೆ ಮಾತ್ರ ತುಂಬುವ ಹಾಗೆ ಒಂದು ಫೋಟೋ, ಪಂಚೆ ಮಾತ್ರ ತುಂಬುವ ಹಾಗೆ ಒಂದು. ಎರಡನ್ನೂ ಒಂದರ ನಂತರ ಒಂದು ನೋಡಿ. ಎರಡೂ ಹತ್ತಿರ ಹತ್ತಿರ ಒಂದೇ ಬೂದಿ! ಈಗ ಎವಿ ಪ್ಲಸ್ ಮೈನಸ್ ಅಂತ ಬರೆದ ಬಟನ್ ಒತ್ತಿ ಹಿಡಿದು ಚಕ್ರ ತಿರುಗಿಸಿ. ಪಂಚೆಗೆ ಪ್ಲಸ್ ಒಂದೂವರೆ, ಕೊಡೆಗೆ ಮೈನಸ್ ಒಂದೂವರೆ. ಪಂಚೆ ಬೆಳ್ಳಗಾಗುತ್ತದೆ, ಕೊಡೆ ಕಪ್ಪಾಗುತ್ತದೆ. ಇದಕ್ಕೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನುತ್ತಾರೆ. ಕ್ಯಾಮೆರಾಗೆ ಗೊತ್ತಿಲ್ಲದ್ದನ್ನು ನೀವು ಹೇಳಿಕೊಡುವುದು, ಅಷ್ಟೆ. ಇದು ಕೈಗೆ ಬಂದ ದಿನ ಕ್ಯಾಮೆರಾದ ಭಯ ಅರ್ಧ ಹೋಗುತ್ತದೆ, ಇದನ್ನು ಎಷ್ಟೋ ಜನರ ಮುಖದಲ್ಲಿ ನಾನೇ ನೋಡಿದ್ದೇನೆ.

ಶಟರಿಗೆ ಮನೆಯ ಸೀಲಿಂಗ್ ಫ್ಯಾನ್ ಸಾಕು. ಟಿವಿ ಮೋಡಿನಲ್ಲಿ (ಶಟರ್ ನಾವು ಇಟ್ಟರೆ ಎಫ್ ನಂಬರ್ ಕ್ಯಾಮೆರಾವೇ ಆರಿಸುವ ಮೋಡ್), ಐಎಸ್‌ಒ ಆಟೋ ಇಟ್ಟು, 1/15, 1/60, 1/250, 1/500 ಅಂತ ಒಂದೊಂದು ತೆಗೆಯಿರಿ. ರೆಕ್ಕೆ ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಫ್ಯಾನಿನ ಸ್ಪೀಡ್ ಬದಲಿಸಿ ಮತ್ತೆ ನೋಡಿ. ಎಫ್ ನಂಬರಿಗೆ ಮೇಜಿನ ಮೇಲೆ ಹತ್ತು ಅಡಿಕೆ ಉದ್ದಕ್ಕೆ ಸಾಲಾಗಿ ಇಟ್ಟು, ಲೆನ್ಸ್ 55ರಲ್ಲಿ, ಹತ್ತಿರದಿಂದ, ಎಫ್ 5.6 ಮತ್ತು ಎಫ್ 16ರಲ್ಲಿ ತೆಗೆಯಿರಿ. ನಂಬರ್ ಚಿಕ್ಕದಾದಷ್ಟು ಕಿಂಡಿ ದೊಡ್ಡದು, ಬೆಳಕು ಜಾಸ್ತಿ, ಚೂಪಾಗಿ ಕಾಣುವ ಅಡಿಕೆ ಕಮ್ಮಿ.

ಇನ್ನು ‘ಮ್ಯಾನುವಲ್‌ನಲ್ಲೇ ತೆಗಿ’ ಅನ್ನುವುದು. ಇದು ಅರ್ಧ ನಿಜ. ಮದುವೆ ಮನೆ, ಜಾತ್ರೆ, ತೋಟ, ಇಲ್ಲೆಲ್ಲ ನಾನು ಇವತ್ತಿಗೂ ಎವಿ ಮೋಡಿನಲ್ಲೇ ತೆಗೆಯುತ್ತೇನೆ. ಬಿಸಿಲು ನೆರಳು ಕ್ಷಣಕ್ಕೊಂದು ಸಲ ಬದಲಾಗುವಾಗ ಚಕ್ರ ತಿರುಗಿಸುತ್ತಾ ಕೂತರೆ ಆ ಗಳಿಗೆ ಹೋಗಿಬಿಡುತ್ತದೆ. ಮ್ಯಾನುವಲ್ ದೊಡ್ಡವರ ಮೋಡ್, ಎವಿ ಕಲಿಯುವವರ ಮೋಡ್ ಅನ್ನುವುದು ಸುಳ್ಳು. ಆದರೆ ರಂಗಸ್ಥಳಕ್ಕೆ ಮಾತ್ರ ಎಂ ಸರಿ, ಅದಕ್ಕೆ ಕಾರಣ ಬೇರೆ. ಅಲ್ಲಿ ಲೈಟು ಒಮ್ಮೆ ಹಾಕಿದ್ದು ಬಹಳ ಹೊತ್ತು ಹಾಗೇ ಇರುತ್ತದೆ. ಬದಲಾಗುವುದು ವೇಷದ ಬಣ್ಣ ಮತ್ತು ಹಿಂದೆ ಕಾಣುವ ಕತ್ತಲು. ಲೈಟು ಬದಲಾಗದೆ ಇದ್ದರೆ ಸೆಟ್ಟಿಂಗ್ ಕೂಡ ಬದಲಾಗಬೇಕಿಲ್ಲ. ಮೀಟರಿಗೆ ಬಿಟ್ಟರೆ ಕಪ್ಪು ವೇಷಕ್ಕೊಂದು, ಬಿಳಿ ವೇಷಕ್ಕೊಂದು ಲೆಕ್ಕ ಹಾಕುತ್ತದೆ. ಹಾಗೇ ಎಂ ಮೋಡಿನಲ್ಲಿದ್ದು ಐಎಸ್‌ಒ ಆಟೋ ಇಟ್ಟರೆ ಉಪಯೋಗ ಇಲ್ಲ, ಮತ್ತೆ ಮೀಟರೇ ಯಜಮಾನ. ಐಎಸ್‌ಒ ಕೂಡ ನೀವೇ ಕಟ್ಟಿಹಾಕಿ.

ನಿಮ್ಮ ಲೆನ್ಸಿಗೆ ನಾನು ಶುರು ಮಾಡುವುದು ಹೀಗೆ: ಎಂ ಮೋಡ್, ಎಫ್ 5.6, ಶಟರ್ 1/200, ಐಎಸ್‌ಒ 3200. ಪೂರ್ವರಂಗ ನಡೆಯುವಾಗಲೇ ನಾಲ್ಕು ಫೋಟೋ ತೆಗೆದು ಪರೀಕ್ಷೆ ಮಾಡಿಕೊಳ್ಳಿ, ಅಪ್ಪ ಬರುವ ತನಕ ಕಾಯಬೇಡಿ. ನೋಡುವಾಗ ಸ್ಕ್ರೀನಿನ ಹೊಳಪು ನಂಬಬೇಡಿ. ಕತ್ತಲಲ್ಲಿ ಕೂತಾಗ ಕತ್ತಲೆ ಫೋಟೋ ಕೂಡ ಬೆಳ್ಳಗೆ ಕಾಣುತ್ತದೆ. ಪ್ಲೇ ಮಾಡಿ ಡಿಸ್ಪ್ಲೇ ಬಟನ್ ಒತ್ತುತ್ತಾ ಹೋದರೆ ಗುಡ್ಡದ ಹಾಗಿರುವ ಒಂದು ಚಿತ್ರ ಬರುತ್ತದೆ, ಅದು ಹಿಸ್ಟೋಗ್ರಾಂ. ಅದೇ ಪರದೆಯಲ್ಲಿ ಫೋಟೋದ ಸುಟ್ಟ ಜಾಗ ಮಿಣುಕುತ್ತದೆ. ಜರಿ, ಕನ್ನಡಿ ಚೂರು ಮಿಣುಕಿದರೆ ಬಿಡಿ. ಹಣೆ, ಕೆನ್ನೆ ಮಿಣುಕಿದರೆ ಐಎಸ್‌ಒ 1600ಕ್ಕೆ ಇಳಿಸಿ. ಮುಖ ಮಂಕಾಗಿದ್ದರೆ 6400ಕ್ಕೆ ಏರಿಸಿ. ಒಂದು ಸಣ್ಣ ಮಾತು: ನಿಮ್ಮ ಕ್ಯಾಮೆರಾಗೆ ಒಂದೇ ಚಕ್ರ, ಎಂ ಮೋಡಿನಲ್ಲಿ ಅದು ಶಟರ್ ಬದಲಿಸುತ್ತದೆ. ಎಫ್ ಬದಲಿಸಲು ಅದೇ ಎವಿ ಪ್ಲಸ್ ಮೈನಸ್ ಬಟನ್ ಒತ್ತಿ ಹಿಡಿದು ತಿರುಗಿಸಬೇಕು. ಇದು ಗೊತ್ತಾಗದೆ ಎಷ್ಟೋ ಜನ ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ದಿಗಿಣ ಹಾಕುವಾಗ, ಅಂದರೆ ಹಾರಿ ಸುತ್ತುವಾಗ, 1/200 ಸಾಲುವುದಿಲ್ಲ, ಕೈಕಾಲು ಸ್ವಲ್ಪ ಅಲುಗಾಡುತ್ತದೆ. 1/500ಕ್ಕೆ ಹೋದರೆ ನಿಮ್ಮ ಲೆನ್ಸಿನಲ್ಲಿ ಕತ್ತಲಾಗುತ್ತದೆ. ಹಾಗಾಗಿ ದಿಗಿಣದ ಆಸೆ ಸದ್ಯಕ್ಕೆ ಬಿಟ್ಟು, ನಿಲುವಿಗೆ ಕಾಯಿರಿ. ನೀವು ಚಿಕ್ಕಂದಿನಿಂದ ಆಟ ನೋಡಿದವರು. ಚೆಂಡೆಯ ಪೆಟ್ಟು ಎಲ್ಲಿ ಮುಗಿಯುತ್ತದೆ, ಅಪ್ಪ ಎಲ್ಲಿ ತಿರುಗಿ ಎದೆ ಎತ್ತಿ ಒಂದು ಕ್ಷಣ ನಿಲ್ಲುತ್ತಾರೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ಕ್ಷಣಕ್ಕೆ 1/125 ಕೂಡ ಸಾಕು.

ಎಲ್‌ಇಡಿ ಲೈಟು ಇದ್ದರೆ ಒಂದು ತೊಂದರೆ ಬರಬಹುದು. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಶಟರಿಗೆ ಗೊತ್ತಾಗುತ್ತದೆ. ಒಂದೇ ಸೆಟ್ಟಿಂಗಿನಲ್ಲಿ ಐದು ಫೋಟೋ ತೆಗೆದಾಗ ಒಂದು ಬೆಳಕು, ಒಂದು ಮಂಕು, ಇಲ್ಲವೇ ಅಡ್ಡ ಪಟ್ಟಿ ಬಂದರೆ ಇದೇ ಕಾರಣ. ಆಗ 1/100ಕ್ಕೆ ಇಳಿಸಿ, ಒಂದು ಮಿಣುಕು ಪೂರ್ತಿ ಒಳಗೆ ಬರುತ್ತದೆ.

ಫ್ಲ್ಯಾಶ್ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಬೇಡ. ಕ್ಯಾಮೆರಾದ ತಲೆ ಮೇಲಿನ ಫ್ಲ್ಯಾಶ್ ಎಫ್ 5.6, ಐಎಸ್‌ಒ 100ರಲ್ಲಿ ಎರಡು ಮೀಟರ್ ಕೂಡ ತಲುಪುವುದಿಲ್ಲ. ಐಎಸ್‌ಒ ಏರಿಸಿ ತಲುಪಿಸಿದರೂ ರಂಗದ ಬೆಳಕಿನ ಸೊಗಸೆಲ್ಲ ಹೋಗಿ ಮುಖ ತಟ್ಟೆಯ ಹಾಗೆ ಚಪ್ಪಟೆ ಆಗುತ್ತದೆ. ಎಲ್ಲಕ್ಕಿಂತ ಮುಖ್ಯ, ಸುತ್ತುವ ಕಲಾವಿದರ ಕಣ್ಣಿಗೆ ಹೊಡೆಯುತ್ತದೆ. ಮಂಡಿನೋವಿನಲ್ಲಿ ಕುಣಿಯುವವರಿಗೆ ಅದು ಅಪಾಯ.

ಲೆನ್ಸ್ ವಿಷಯಕ್ಕೆ ಬಂದರೆ, ಅಂಗಡಿಯವರು ಹೇಳಿದ್ದರಲ್ಲಿ ಸ್ವಲ್ಪ ಸತ್ಯ ಇದೆ. ನಿಮ್ಮ ಲೆನ್ಸ್ 55ಕ್ಕೆ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಕೆಳಗೆ ಹೋಗುವುದಿಲ್ಲ. 18ರಲ್ಲಿ ಎಫ್ 3.5 ಸಿಗುತ್ತದೆ, ಅಂದರೆ ಎರಡೂವರೆ ಪಟ್ಟು ಬೆಳಕು, ಒಂದು ಪೈಸೆ ಖರ್ಚಿಲ್ಲದೆ. ಅದಕ್ಕೆ ಜೂಮ್ ಮಾಡದೆ ರಂಗದ ಹತ್ತಿರ ನೆಲದ ಮೇಲೆ ಕೂರಬೇಕು. ತೊಂದರೆ ಏನೆಂದರೆ ಕೆಳಗಿನಿಂದ ಅಷ್ಟು ಅಗಲದಲ್ಲಿ ತೆಗೆದರೆ ಕಾಲು ದೊಡ್ಡದು ತಲೆ ಚಿಕ್ಕದು ಆಗುತ್ತದೆ. 24, 28ರ ಹತ್ತಿರ ಇಟ್ಟರೆ ಸಹಿಸಬಹುದು.

ದುಡ್ಡು ಹಾಕುವುದೇ ಆದರೆ 50 ಎಂಎಂ ಎಫ್ 1.8 ಲೆನ್ಸ್ ತಗೊಳ್ಳಿ. ಕ್ಯಾನನ್ ಲೆನ್ಸುಗಳಲ್ಲಿ ಅಗ್ಗದ್ದರಲ್ಲಿ ಅದೂ ಒಂದು, ಸೆಕೆಂಡ್ ಹ್ಯಾಂಡ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಎಫ್ 5.6ಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು. ಎಫ್ 2.2ರಲ್ಲಿ 1/250 ಇಟ್ಟರೂ ಐಎಸ್‌ಒ 800 ಸಾಕಾಗಬಹುದು, 3200ಕ್ಕೆ ಹೋದರೆ ದಿಗಿಣವೂ ಸಿಗುತ್ತದೆ. ಆದರೆ ಇದಕ್ಕೂ ಬೆಲೆ ಇದೆ. ಜೂಮ್ ಇಲ್ಲ, ಎದ್ದು ಓಡಾಡಬೇಕು. ಎಫ್ 1.8ರಲ್ಲಿ ಎಂಟು ಅಡಿ ದೂರದಿಂದ ತೆಗೆದರೆ ಚೂಪಾಗಿ ಕಾಣುವ ಆಳ ಒಂದು ಗೇಣಿಗಿಂತ ಕಮ್ಮಿ. ಕಣ್ಣು ಸರಿ ಇದ್ದರೆ ಚಾಚಿದ ಕೈ ಮಸುಕು. ಫೋಕಸ್ ತಪ್ಪಿ ಎದೆಕಟ್ಟಿನ ಮೇಲೆ ಕೂತರೆ ಮುಖ ಮಸುಕು. ನಿಮ್ಮ ಕ್ಯಾಮೆರಾದ ಒಂಬತ್ತು ಫೋಕಸ್ ಬಿಂದುಗಳಲ್ಲಿ ಕತ್ತಲಲ್ಲಿ ನಂಬಬಹುದಾದ್ದು ನಡುವಿನದೊಂದೇ, ಅದನ್ನು ಮಾತ್ರ ಆರಿಸಿಕೊಂಡು ಕಣ್ಣಿನ ಮೇಲೆ ಇಡಿ. ಎಫ್ 2.2, 2.5 ಕ್ಷೇಮ. ಅಂಗಡಿಯವರು ಹೇಳಿದ ‘ದೊಡ್ಡದು’ 70-200 ಎಫ್ 2.8 ಅನ್ನಿಸುತ್ತದೆ. ಒಳ್ಳೆಯ ಲೆನ್ಸ್, ನನ್ನ ಹತ್ತಿರವೂ ಇದೆ, ಹತ್ತಿರ ಹತ್ತಿರ ಒಂದೂವರೆ ಕೆಜಿ ತೂಕ. ಆದರೆ ಅದರ ದುಡ್ಡಿಗೆ ನಿಮ್ಮಂಥ ಕ್ಯಾಮೆರಾ ಒಂದಲ್ಲ, ಹಲವು ಬರುತ್ತವೆ. ಈಗ ಬೇಡ. ಬೇಕೇ ಅನಿಸಿದರೆ ಒಂದು ರಾತ್ರಿಗೆ ಬಾಡಿಗೆಗೆ ತನ್ನಿ.

ನನ್ನದೇ ಒಂದು ಮಾತು ಹೇಳಲೇಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹಗಲು ಮದುವೆ ಮುಗಿಸಿ ರಾತ್ರಿ ಬಯಲಾಟಕ್ಕೆ ಹೋದೆ. ಕ್ಯಾಮೆರಾದಲ್ಲಿ ಹಗಲಿನ 100ರ ರೋಲೇ ಇದೆ ಅನ್ನುವುದು ತಲೆಗೆ ಹೋಗಲಿಲ್ಲ, 400 ಅಂದುಕೊಂಡು ತೆಗೆದೆ. ನಮ್ಮೂರಿನ ಹಿರಿಯ ಕಲಾವಿದರೊಬ್ಬರ ಕೊನೆಯ ವೇಷ ಅದು. ತೊಳೆದಾಗ ಒಂದು ಫೋಟೋದಲ್ಲೂ ಅವರ ಮುಖ ಇರಲಿಲ್ಲ. ಅವರ ಮಗ ಏನೂ ಅನ್ನಲಿಲ್ಲ, ಅದೇ ನನಗೆ ಇವತ್ತಿಗೂ ಕಷ್ಟ. ಅದಕ್ಕೇ ಹೇಳುತ್ತಿದ್ದೇನೆ: ಬೆಳಕು ಕಮ್ಮಿ ಇರುವ ಕಡೆ ಏನಾದರೂ ಒಂದನ್ನು ಕಳೆದುಕೊಳ್ಳಲೇಬೇಕು, ಯಾವುದು ಅಂತ ನೀವೇ ಆರಿಸಿಕೊಳ್ಳಿ. ಅಲುಗಾಡಿದ ಮುಖ ಮತ್ತೆ ನಿಲ್ಲುವುದಿಲ್ಲ, ಸುಟ್ಟ ಮುಖದಲ್ಲಿ ಹುಬ್ಬಿನ ಗೆರೆ ಮತ್ತೆ ಬರುವುದಿಲ್ಲ. ಕಾಳು ಇರುವ ಫೋಟೋದಲ್ಲಿ ಅಪ್ಪ ಇರುತ್ತಾರೆ.

ಇನ್ನೊಂದು ಸಲಹೆ. ರಂಗಕ್ಕಿಂತ ಮೊದಲು ಚೌಕಿಗೆ, ಅಂದರೆ ಬಣ್ಣದ ಮನೆಗೆ ಹೋಗಿ. ಅಪ್ಪ ಕನ್ನಡಿ ಹಿಡಿದು ಬಣ್ಣ ಬರೆದುಕೊಳ್ಳುವಾಗ ಅಲುಗಾಡುವುದಿಲ್ಲ, ಬಲ್ಬು ಮುಖದ ಹತ್ತಿರವೇ ಇರುತ್ತದೆ. ಬಲ್ಬು ಎರಡು ಅಡಿಯಲ್ಲಿದ್ದಾಗ ಬೀಳುವ ಬೆಳಕು, ನಾಲ್ಕು ಅಡಿಗೆ ಹೋದರೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಅವರು ಮುಂದೆ ಬಾಗಿದಾಗ, ಹಿಂದೆ ಸರಿದಾಗ ಮುಖದ ಬೆಳಕು ಹೇಗೆ ಬದಲಾಗುತ್ತದೆ ನೋಡಿ. ಎಫ್ 4, 1/60, ಐಎಸ್‌ಒ 1600 ಇಟ್ಟು ಶುರು ಮಾಡಿ. ಮಾತಾಡುತ್ತಾ ಇರುವಾಗ ಬೇಡ, ಹಣೆಗೆ ನಾಮ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಾರಲ್ಲ, ಆಗ ಒತ್ತಿ. ಪಕ್ಕದ ಕಲಾವಿದರನ್ನು ಒಂದು ಮಾತು ಕೇಳಿಕೊಂಡೇ ಕ್ಯಾಮೆರಾ ತೆಗೆಯಿರಿ. ಫೋಟೋ ರಾ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸಿದ ಫೈಲ್) ಮತ್ತು ಜೆಪೆಗ್ ಎರಡರಲ್ಲೂ ಉಳಿಯುವ ಹಾಗೆ ಇಡಿ. ಚೌಕಿಯ ಹಳದಿ ಬೆಳಕು, ರಂಗದ ಬಣ್ಣದ ಲೈಟು, ಇವನ್ನೆಲ್ಲ ರಾ ಇದ್ದರೆ ಆಮೇಲೆ ಸರಿಮಾಡಬಹುದು.

ಆ ಎರಡು ಫೋಟೋಗಳಲ್ಲಿ ಬೆಳ್ಳಗಿನದು ಹೋಯಿತು, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಕತ್ತಲೆಯದನ್ನು ಮಾತ್ರ ದಯವಿಟ್ಟು ಅಳಿಸಬೇಡಿ, ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಅದರ ಪಕ್ಕದಲ್ಲಿ ರಾ ಫೈಲ್ ಇದ್ದರೆ ನನಗೆ ಕಳಿಸಿ. ನೀವು ಕಳಿಸಿದ ಜೆಪೆಗನ್ನೇ ಮೂರು ಸ್ಟಾಪ್, ಅಂದರೆ ಮೂರು ಸಲ ದುಪ್ಪಟ್ಟು ಬೆಳಗಿಸಿ ನೋಡಿದೆ. ಕಾಳು ಬಹಳ ಇದೆ, ಪಟ್ಟಿಯೂ ಇದೆ, ಆದರೆ ಅಪ್ಪನ ಎಡಗಣ್ಣು ನೇರ ನಿಮ್ಮ ಕಡೆಗೇ ನೋಡುತ್ತಿದೆ.